ಬೇಗೂರಿನ ನಾಲಿಗೆ, ಮೆಲ್ಬರ್ನಿನ ಕ್ಲಿನಿಕ್ಕು

ಹೊರದೇಶದಿಂದ ಬ್ರಿಟನ್ನಿಗೆ ಹೋಗಿ ಫಿಸಿಯೊಥೆರಪಿ ಕೆಲಸ ಮಾಡಬೇಕೆನ್ನುವವರಿಗೆ, ಇಂಗ್ಲಿಷ್ ತಾಯ್ನುಡಿಯಲ್ಲದಿದ್ದರೆ, ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಒಟ್ಟು 7 ಅಂಕ ಬರಬೇಕು. ಎಕ್ಸ್‌ರೇ ತೆಗೆಯುವವರಿಗೂ ಅಷ್ಟೇ. ಈ ಬಗೆಯ ಹದಿನೈದು ವೃತ್ತಿಗಳಿಗೆ ಅಲ್ಲಿ ನೋಂದಣಿ ಕೊಡುವುದು ಎಚ್‌ಸಿಪಿಸಿ ಎಂಬ ಮಂಡಳಿ. ಅದು ಒಂದು ವೃತ್ತಿಯವರಿಗೆ ಮಾತ್ರ ಗೆರೆಯನ್ನು ಮೇಲಕ್ಕೆ ಎಳೆದಿದೆ. ಸ್ಪೀಚ್ ಥೆರಪಿಸ್ಟ್ ಆಗಬೇಕಾದರೆ 8 ಬೇಕು. ಓದು, ಬರಹ, ಆಲಿಸುವಿಕೆ, ಮಾತು ಈ ನಾಲ್ಕರಲ್ಲಿ ಯಾವುದರಲ್ಲೂ 7.5ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮುರಿದ ಕಾಲಿಗೆ ವ್ಯಾಯಾಮ ಮಾಡಿಸುವವರ ಇಂಗ್ಲಿಷ್ ಸ್ವಲ್ಪ ಅತ್ತಿತ್ತ ಆದರೂ ಕಾಲು ನೆಟ್ಟಗಾದೀತು. ಮಾತು ಕಳೆದುಕೊಂಡವರ ಎದುರು ಕೂರುವವರಿಗೆ ಆ ರಿಯಾಯಿತಿ ಇಲ್ಲ.

ಈ ಒಂದು ಅಂಕದ ವ್ಯತ್ಯಾಸದಲ್ಲೇ ಸ್ಪೀಚ್ ಪೆಥಾಲಜಿ ಓದಿನ ಸ್ವಭಾವ ಗೊತ್ತಾಗುತ್ತದೆ. ಕೋಡ್ ಬರೆಯುವವರಿಗೆ ಬೇಗೂರೂ ಒಂದೇ, ಬೋಸ್ಟನ್ನೂ ಒಂದೇ. ಇಲ್ಲಿ ರೋಗಿಯ ಭಾಷೆಯೇ ಉಪಕರಣ, ಅದು ಊರಿಂದೂರಿಗೆ ಬದಲಾಗುತ್ತದೆ. ಮೈಸೂರಿಗೆ ಓದಲು ಬಂದ ಮಣಿಪುರದ ಹುಡುಗಿಯೂ ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯಕ್ಕೆ ಹೋದ ಗುಂಡ್ಲುಪೇಟೆ ತಾಲ್ಲೂಕಿನ ಹುಡುಗಿಯೂ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಒಂದೇ ಪ್ರಶ್ನೆಯಲ್ಲಿ: ಎದುರಿಗಿರುವ ಮಗುವಿನ ಮಾತಿನಲ್ಲಿ ಯಾವುದು ದೋಷ, ಯಾವುದು ಆ ಊರಿನ ರೂಢಿ?

ಮೈಸೂರು–ಊಟಿ ರಸ್ತೆಯಲ್ಲಿ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆಗೆ ಮುಂಚೆ ಸಿಗುವ ಊರು ಬೇಗೂರು. ಅರಿಸಿನ, ಸಣ್ಣ ಈರುಳ್ಳಿ, ಚೆಂಡುಹೂ ಬೆಳೆಯುವ ಸೀಮೆ. ಊಟಿಗೆ ಹೊರಟ ಪ್ರವಾಸಿಗರು ಇಲ್ಲಿ ಟೀ ಕುಡಿಯಲು ನಿಂತರೆ ಹೆಚ್ಚು. ಇಲ್ಲಿ ಪಿಯುಸಿ ವಿಜ್ಞಾನ ಮುಗಿಸಿ, ನೀಟ್‌ನಲ್ಲಿ ಸೀಟು ದಕ್ಕದ ಮಕ್ಕಳ ಮುಂದೆ ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಕೃಷಿ ಎಂಬ ಪಟ್ಟಿ ತಾನಾಗಿ ಬಂದು ನಿಲ್ಲುತ್ತದೆ. ಆ ಪಟ್ಟಿಯಲ್ಲಿ ಬಿಎಎಸ್‌ಎಲ್‌ಪಿ, ಅಂದರೆ ಆಡಿಯಾಲಜಿ ಮತ್ತು ಸ್ಪೀಚ್ ಪೆಥಾಲಜಿಯ ಪದವಿ, ಎಂಬ ಹೆಸರು ಕಾಣುವುದು ಅಪರೂಪ. ವಿಚಿತ್ರವೆಂದರೆ, ಈ ಓದಿನಲ್ಲಿ ದೇಶದಲ್ಲೇ ಹೆಸರಾದ ಸಂಸ್ಥೆ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂತಿರುಗಬಹುದಾದಷ್ಟು ಹತ್ತಿರದಲ್ಲಿದೆ.

ಅದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಮೈಸೂರಿಗರ ಬಾಯಲ್ಲಿ ‘ಆಯಿಷ್’. ಶುರುವಾದದ್ದು 1965ರ ಆಗಸ್ಟ್‌ನಲ್ಲಿ, ಅಖಿಲ ಭಾರತ ಲೋಗೋಪೀಡಿಕ್ಸ್ ಸಂಸ್ಥೆ ಎಂಬ ಬಾಯಿಗೆ ಒಗ್ಗದ ಹೆಸರಿನಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ 1934ರಿಂದ ಅದೇ ಹೆಸರಿನ ಸಂಸ್ಥೆಯೊಂದಿತ್ತು. ಮರುವರ್ಷ ಈಗಿನ ಹೆಸರು ಬಂತು. ಕಟ್ಟಡಕ್ಕೆ 1966ರಲ್ಲಿ ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್, ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಷ್ಟರು. ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ, ಪದವಿಯನ್ನು ಮೈಸೂರು ವಿಶ್ವವಿದ್ಯಾಲಯ ಕೊಡುತ್ತದೆ. ಬಿಎಎಸ್‌ಎಲ್‌ಪಿ ಎಂದರೆ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಕಿವಿ ಮತ್ತು ಮಾತು ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ. ಎರಡು ವರ್ಷದ ಎಂಎಸ್ಸಿಗೆ ಬಂದಾಗ ಆಡಿಯಾಲಜಿ ಬೇರೆ, ಸ್ಪೀಚ್ ಬೇರೆ.

ಅಲ್ಲಿಗೆ ಓದಲು ಬರುವವರು ದೇಶದ ಮೂಲೆಮೂಲೆಯವರು. ಹೊರದೇಶದವರಿಗೂ ಪ್ರವೇಶಾವಕಾಶ ಉಂಟು. ಆದರೆ ಬೆಳಿಗ್ಗೆ ಒಪಿಡಿಯ ಬೆಂಚುಗಳ ಮೇಲೆ ಕೂತವರಲ್ಲಿ ಹೆಚ್ಚಿನವರು ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನವರು. ಜೊತೆಗೆ ಬತ್ತೇರಿ, ಕಲ್ಪೆಟ್ಟ ಕಡೆಯ ಮಲಯಾಳಿಗಳು. ಮೊದಲ ವರ್ಷದ ಫೊನೆಟಿಕ್ಸ್ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ ಚಾಮರಾಜನಗರದ ಕನ್ನಡದಲ್ಲಿರುತ್ತಾಳೆ. ಹಿಂದಿ ಮನೆಮಾತಿನ ವಿದ್ಯಾರ್ಥಿಗೆ ‘ಬಲೆ’, ‘ಬಳೆ’ ಎರಡೂ ಒಂದೇ ಸಮ ಕೇಳಿಸುತ್ತವೆ. ಮಲಯಾಳಿಗೆ ಆ ತೊಂದರೆ ಇಲ್ಲ, ಅವರಲ್ಲಿ ಳಕಾರವೂ ಇದೆ, ನಾವು ಶತಮಾನಗಳ ಹಿಂದೆ ಬಿಟ್ಟುಕೊಟ್ಟ ೞಕಾರವೂ ಇದೆ. ‘ಎಲೆ’ ಮತ್ತು ‘ಎಲ್ಲೆ’ ನಡುವಿನ ಒತ್ತಿಗೆ ಕಿವಿ ಹೊಂದಿಸಿಕೊಳ್ಳುವುದರಲ್ಲೇ ಕೆಲವರಿಗೆ ಒಂದು ಸೆಮಿಸ್ಟರು ಕಳೆಯುತ್ತದೆ.

ಈಗ ಆ ಬೆಂಚಿನ ಮೇಲಿನ ಐದು ವರ್ಷದ ಹುಡುಗನನ್ನು ಒಳಗೆ ಕರೆಯೋಣ. ಬೇಗೂರಿನವನು. ಚಿತ್ರ ತೋರಿಸಿ ಹೆಸರು ಹೇಳು ಎಂದರೆ ಹಾಲಿಗೆ ‘ಆಲು’ ಎನ್ನುತ್ತಾನೆ, ಹಸುವಿಗೆ ‘ಅಸ’ ಎನ್ನುತ್ತಾನೆ. ಶಂಖಕ್ಕೆ ‘ಸಂಕ’. ಕಾಗೆಗೆ ‘ತಾದೆ’. ಹೊಸದಾಗಿ ಬಂದ ವಿದ್ಯಾರ್ಥಿ ತನ್ನ ಹಾಳೆಯಲ್ಲಿ ನಾಲ್ಕು ತಪ್ಪು ಗುರುತು ಹಾಕುತ್ತಾಳೆ. ‘ಹ’ ಬಿಟ್ಟಿದ್ದಾನೆ, ‘ಶ’ ಬದಲು ‘ಸ’, ಮಹಾಪ್ರಾಣ ಇಲ್ಲ, ‘ಕ’ ಬದಲು ‘ತ’. ತಾಯಿಗೆ ಗಾಬರಿಯೇನೂ ಇಲ್ಲ. ‘ನಾವೆಲ್ಲ ಅಂಗೇ ಅನ್ನದು ಕನ್ ಮೇಡಂ’ ಎನ್ನುತ್ತಾಳೆ. ಅವಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಮೊದಲ ಮೂರು ಆ ಸೀಮೆಯ ಕನ್ನಡ; ಅಪ್ಪ, ಅಜ್ಜಿ, ಅಂಗಡಿಯವನು ಎಲ್ಲರೂ ಹಾಗೆಯೇ ಮಾತಾಡುತ್ತಾರೆ. ಕನ್ನಡದ ಬಹುಪಾಲು ಜನರ ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲ ಎಂದು ಡಿ.ಎನ್. ಶಂಕರ ಭಟ್ಟರು ಎಷ್ಟೋ ವರ್ಷ ವಾದಿಸಿದ್ದು ಸುಮ್ಮನೆ ಅಲ್ಲ. ನಾಲ್ಕನೆಯದು ಮಾತ್ರ ಬೇರೆ ಕಥೆ. ಬೇಗೂರಿನಲ್ಲಿ ಯಾರೂ ಕಾಗೆಯನ್ನು ‘ತಾದೆ’ ಎನ್ನುವುದಿಲ್ಲ. ನಾಲಿಗೆಯ ಹಿಂಭಾಗ ಎತ್ತಿ ಹೇಳಬೇಕಾದ ಸದ್ದನ್ನು ಮಗು ತುದಿಯಲ್ಲಿ ಹೇಳುತ್ತಿದೆ. ಎರಡೂವರೆ ವರ್ಷಕ್ಕೆ ಅದು ಮುದ್ದು, ಐದಕ್ಕೆ ಥೆರಪಿ ಬೇಕು.

ಇಲ್ಲಿ ಎಡವಟ್ಟಾಗುವುದು ಎರಡು ರೀತಿ. ಊರಿನ ಮಾತನ್ನೇ ರೋಗವೆಂದು ಬಗೆದು ಮಗುವಿನ ಬಾಯಲ್ಲಿ ಹಕಾರ ತುರುಕಲು ವಾರಗಟ್ಟಲೆ ಬಸ್ಸು ಹತ್ತಿಸಬಹುದು. ಇಲ್ಲವೇ ‘ಹಳ್ಳಿ ಮಗು, ಹಂಗೇ ಮಾತಾಡುತ್ತೆ’ ಎಂದು ನಿಜವಾದ ತೊಂದರೆಯನ್ನೂ ಬಿಟ್ಟು ಕಳಿಸಬಹುದು. ಎರಡನೆಯದೇ ಹೆಚ್ಚು ಅಪಾಯದ್ದು ಎಂದು ನನಗನ್ನಿಸುತ್ತದೆ. ಅದಕ್ಕೆ ಮನೆಯವರ ಒತ್ತಾಸೆಯೂ ಸಿಗುತ್ತದೆ. ‘ಅವ್ರಪ್ಪನೂ ನಾಕೊರ್ಸಕ್ಕೇ ಮಾತಾಡಿದ್ದು’ ಎಂಬ ಸಮಾಧಾನ, ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಸರಿಹೋಗುತ್ತದೆ ಎಂಬ ಭರವಸೆ, ಇವುಗಳ ನಡುವೆ ಕಿವಿ ಕೇಳದ ಮಗುವಿನ ಅಮೂಲ್ಯ ಮೂರು ವರ್ಷ ಹೋಗಿಬಿಟ್ಟಿರುತ್ತದೆ. ಅಕ್ಕನ ಮಗಳನ್ನೇ ತಂದುಕೊಳ್ಳುವ ರೂಢಿ ಇರುವ ಸೀಮೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆಯೂ ಹೆಚ್ಚು.

ಕನ್ನಡ ಬಲ್ಲ ಪರೀಕ್ಷೆಗಳಿಲ್ಲದೆ ಈ ಕೆಲಸ ನಡೆಯದು ಎಂಬುದು ಆಯಿಷ್‌ನವರಿಗೆ ಬೇಗ ಹೊಳೆಯಿತು. 1972ರಲ್ಲೇ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಆ ರತ್ನ ಅಂದರೆ ನಂತರ ಸಂಸ್ಥೆಯ ನಿರ್ದೇಶಕರಾದ ನ. ರತ್ನ, ಮೈಸೂರಿನ ‘ಸಮತೆಂತೊ’ ತಂಡದ ರಂಗಕರ್ಮಿ. ಹಗಲು ಮಾತಿನ ದೋಷ ತಿದ್ದುವುದು, ಸಂಜೆ ನಟರ ಮಾತು ತಿದ್ದುವುದು. ಎರಡಕ್ಕೂ ಬೇಕಾದ ಕಿವಿ ಒಂದೇ ಇರಬೇಕು.

ಇಂಗ್ಲಿಷ್ ಪರೀಕ್ಷೆಯನ್ನೇ ಅನುವಾದ ಮಾಡಿಕೊಂಡರೆ ಆಗದೇ ಎಂದು ಹೊರಗಿನವರು ಕೇಳುತ್ತಾರೆ. ಆಗದು. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ‘ವಗ್’ ಎಂಬ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಎರಡಿದ್ದರೆ ಏನನ್ನುತ್ತೀ ಎಂದು ಮಕ್ಕಳನ್ನು ಕೇಳಿದರು. ಬಹುವಚನದ ‘ಸ್’ ಅಥವಾ ‘ಝ್’ ಸೇರಿಸಿದರೆ ಮಗುವಿಗೆ ವ್ಯಾಕರಣ ಬಂದಿದೆ ಎಂದರ್ಥ. ಕನ್ನಡದಲ್ಲಿ ‘ಎರಡು ಮರ’, ‘ನಾಕು ಬಾಳೆಹಣ್ಣು’ ಎಂದರೆ ಯಾರೂ ತಿದ್ದುವುದಿಲ್ಲ. ‘ಗಳು’ ಹಚ್ಚಿದರೆ ಮೇಷ್ಟರ ಮಗ ಎನ್ನುತ್ತಾರೆ. ಓದಿನಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಬರೆದದ್ದೊಂದು ಓದುವುದೊಂದು ಇರುವ ಪದಗಳನ್ನು ಕೊಟ್ಟು, ಪಾರ್ಶ್ವವಾಯು ಆದವರ ಓದಿನ ದೋಷ ಯಾವ ಬಗೆಯದೆಂದು ವಿಂಗಡಿಸುತ್ತಾರೆ. ಕನ್ನಡದಲ್ಲಿ ಅಂಥ ಪದಗಳನ್ನು ಹುಡುಕಲು ಹೋದರೆ ಕೈ ಖಾಲಿ. ಆಯಿಷ್‌ನಲ್ಲಿ ಪ್ರಾಧ್ಯಾಪಕಿಯಾಗಿದ್ದ ಪ್ರತಿಭಾ ಕಾರಂತ ಈ ಎಳೆಯನ್ನೇ ಹಿಡಿದು, ಅಕ್ಷರಲಿಪಿಯ ಭಾಷೆಗಳಲ್ಲಿ ಓದಿನ ದೋಷಗಳು ಬೇರೆಯಾಗಿಯೇ ತೋರಿಕೊಳ್ಳುತ್ತವೆ ಎಂದು ಬರೆದರು. ಭಾಷಾಸಾಮರ್ಥ್ಯ ಅಳೆಯಲು ಕನ್ನಡದ್ದೇ ಪರೀಕ್ಷೆ ರೂಪಿಸಿದರು. ಮುಂದೆ ಬೆಂಗಳೂರಿನಲ್ಲಿ ಆಟಿಸಂ ಇರುವ ಪುಟ್ಟ ಮಕ್ಕಳಿಗಾಗಿ ಕಾಮ್ ಡೀಲ್ ಟ್ರಸ್ಟ್ ಕಟ್ಟಿದವರೂ ಅವರೇ.

ಹಳ್ಳಿಗೇ ಹೋಗದೆ ಹಳ್ಳಿಯ ಮಾತು ಕಿವಿಗೆ ಬೀಳದು. ಆಯಿಷ್ ತನ್ನ ಹೊರಸೇವಾ ಕೇಂದ್ರಗಳನ್ನು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿ, ಕೆ.ಆರ್. ಪೇಟೆ ಕಡೆಯ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೆರೆಯಿತು. ಥೆರಪಿ ಎಂದರೆ ಒಂದು ಚೀಟಿ, ಎರಡು ಮಾತ್ರೆಯಲ್ಲ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಕೂಲಿ ಬಿಟ್ಟು ಬಸ್ ಚಾರ್ಜು ಕೊಟ್ಟು ಬರುತ್ತಿದ್ದ ತಾಯಂದಿರು ಅರ್ಧಕ್ಕೆ ನಿಲ್ಲಿಸುತ್ತಿದ್ದುದೇ ಹೆಚ್ಚು. 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯ ಬಗ್ಗೆ ಯಾರು ಏನೇ ಹೇಳಲಿ, ಗುಂಡ್ಲುಪೇಟೆ ಬಸ್ಸಿನಲ್ಲಿ ಮಗುವನ್ನೆತ್ತಿಕೊಂಡು ಮೈಸೂರಿಗೆ ಹೊರಟ ಹೆಂಗಸಿಗೆ ಅದು ಸಣ್ಣ ಸಹಾಯವಲ್ಲ.

ಇನ್ನು ಇಲ್ಲಿಂದ ಅಲ್ಲಿಗೆ ಹೋಗುವವರ ಪಾಡು.

ಬಿಎಎಸ್‌ಎಲ್‌ಪಿ ಮುಗಿಸಿ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ, ನೋಂದಣಿ ಸಂಖ್ಯೆ ಪಡೆದವರಿಗೆ ಹೊರದೇಶಕ್ಕೆ ಎರಡು ದಾರಿ. ಇಲ್ಲಿನ ಪದವಿಯ ಮೇಲೆಯೇ ಅಲ್ಲಿನ ಮಂಡಳಿಗೆ ಅರ್ಜಿ ಹಾಕುವುದು ಒಂದು, ಅಲ್ಲೇ ಮಾಸ್ಟರ್ಸ್ ಓದುವುದು ಇನ್ನೊಂದು. ಮೊದಲನೆಯದು ಕಡಿದು. 2004ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯದ ವೃತ್ತಿಸಂಘಗಳು ಪರಸ್ಪರರ ಪ್ರಮಾಣಪತ್ರ ಮನ್ನಿಸುವ ಒಪ್ಪಂದ ಮಾಡಿಕೊಂಡವು; ಆಮೇಲೆ ಐರ್ಲೆಂಡ್, ನ್ಯೂಜಿಲೆಂಡ್ ಸೇರಿದವು. ಇಂಗ್ಲಿಷ್ ಮನೆಮಾತಿನ ದೇಶಗಳ ಕೂಟವದು, ಭಾರತ ಅದರಲ್ಲಿಲ್ಲ.

ಅಮೆರಿಕದ ಲೆಕ್ಕ ಅತಿ ಕರಾರುವಾಕ್ಕು. ಅಲ್ಲಿನ ವೃತ್ತಿಸಂಘದ ಹೆಸರು ‘ಆಶಾ’. ನಮ್ಮ ಆಶಾ ಕಾರ್ಯಕರ್ತೆಯರಿಗೂ ಅದಕ್ಕೂ ಸಂಬಂಧವಿಲ್ಲ. 1925ರಲ್ಲಿ ಅಯೋವಾದಲ್ಲಿ ಹುಟ್ಟಿದ್ದು. ಅದರ ಪ್ರಮಾಣಪತ್ರಕ್ಕೆ ಮಾಸ್ಟರ್ಸ್ ಪದವಿಯ ಜೊತೆ 400 ಗಂಟೆಗಳ ಕ್ಲಿನಿಕಲ್ ಅನುಭವ ಬೇಕು: 25 ಗಂಟೆ ನೋಡುವುದು, 375 ಗಂಟೆ ಸ್ವತಃ ಮಾಡುವುದು. ಪ್ರಾಕ್ಸಿಸ್ ಎಂಬ ಪರೀಕ್ಷೆಯಲ್ಲಿ 162 ಅಂಕ. ಅದಾದ ಮೇಲೆ 36 ವಾರಗಳ, 1,260 ಗಂಟೆಗಳ ಫೆಲೋಶಿಪ್. ಮೇಲ್ವಿಚಾರಕರು ಆಶಾ ಪ್ರಮಾಣಪತ್ರ ಉಳ್ಳವರೇ ಆಗಿರಬೇಕಾದ್ದರಿಂದ, ಮೈಸೂರಿನಲ್ಲಿ ಬೆವರು ಸುರಿಸಿದ ಇಂಟರ್ನ್‌ಶಿಪ್ ಗಂಟೆಗಳು ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ವೀಸಾದ ಗಡಿಯಾರ ಬೇರೆ ಓಡುತ್ತಿರುತ್ತದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅವಧಿ 12 ತಿಂಗಳು. ಇಂಜಿನಿಯರಿಂಗ್ ಹುಡುಗರಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ಈ ಪದವಿಗೆ ಸಾಮಾನ್ಯವಾಗಿ ಇಲ್ಲ. ಆ 12 ತಿಂಗಳಲ್ಲಿ 36 ವಾರ ಫೆಲೋಶಿಪ್ಪಿಗೇ ಹೋಗುತ್ತದೆ. ಜಮೀನಿನ ಮೇಲೆ ಸಾಲ ಎತ್ತುವ ಮನೆಯವರು ಈ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಹಾಕಿ ನೋಡಬೇಕು. ಏಜೆಂಟರ ಕರಪತ್ರಗಳಲ್ಲಿ ಇದನ್ನು ಹುಡುಕಿದರೆ ಸಿಗದು.

ಆಸ್ಟ್ರೇಲಿಯದಲ್ಲಿ ಗಂಟೆಗಿಂತ ಹೆಚ್ಚಾಗಿ ಸಾಮರ್ಥ್ಯ ನೋಡುತ್ತಾರೆ. ‘ಕಂಪಾಸ್’ ಎಂಬ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಯ ಒಂದೊಂದು ನಡೆಯೂ ದಾಖಲಾಗುತ್ತದೆ. ಪ್ಲೇಸ್‌ಮೆಂಟ್ ಎಂದು ಆಸ್ಪತ್ರೆಗೋ ಶಾಲೆಗೋ ಕಳಿಸುತ್ತಾರೆ, ಎಷ್ಟೋ ಸಲ ನಗರದಿಂದ ದೂರದ ಊರಿಗೆ. ಪೊಲೀಸ್ ತಪಾಸಣೆ, ಮಕ್ಕಳ ಜೊತೆ ಕೆಲಸ ಮಾಡುವ ಅನುಮತಿ, ಲಸಿಕೆಗಳ ದಾಖಲೆ ಎಲ್ಲ ಆದ ಮೇಲೆ ನಿಜವಾದ ಪರೀಕ್ಷೆ ಶುರು. ಎಂಬತ್ತು ದಾಟಿದ, ಸ್ಟ್ರೋಕ್ ಆದ, ಹಲ್ಲು ಕಟ್ಟಿಸಿಕೊಂಡ ಆಸ್ಟ್ರೇಲಿಯದ ರೈತನ ತೊದಲು ಇಂಗ್ಲಿಷ್. ಅವನ ಮಾತು ಅರ್ಥವಾಗದಿದ್ದರೆ ತಪ್ಪು ಅವನ ನರದ್ದೋ, ಅವನ ಹಳ್ಳಿಯ ಇಂಗ್ಲಿಷಿನದ್ದೋ, ಕೇಳುವವಳ ಕಿವಿಯದ್ದೋ? ಆಯಿಷ್‌ನ ಒಪಿಡಿಯಲ್ಲಿ ‘ಆಲು’ ಕೇಳಿ ಗುರುತು ಹಾಕಿದ ಹೊರರಾಜ್ಯದ ವಿದ್ಯಾರ್ಥಿಯ ಜಾಗದಲ್ಲಿ ಈಗ ನಮ್ಮವಳು ಕೂತಿದ್ದಾಳೆ.

ಅವಳ ನಾಲಿಗೆಯನ್ನೂ ಅಲ್ಲಿ ಪರೀಕ್ಷಿಸಲಾಗುತ್ತದೆ. ಕನ್ನಡಿಗರಿಗೆ ಇರುವುದು ಒಂದೇ ‘ವ’. ಇಂಗ್ಲಿಷಿನಲ್ಲಿ ತುಟಿಗೆ ಹಲ್ಲು ತಾಗಿಸುವ ‘ವಿ’ ಬೇರೆ, ತುಟಿ ಉರುಟು ಮಾಡುವ ‘ಡಬ್ಲ್ಯು’ ಬೇರೆ. ‘ಝೂ’ ನಮಗೆ ‘ಜೂ’. ‘ಥ್ಯಾಂಕ್ಸ್’ನ ಮೊದಲ ಸದ್ದು ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡುವುದು, ನಾವು ನೇರವಾಗಿ ‘ತ’ ಎಂದು ಒತ್ತಿಬಿಡುತ್ತೇವೆ. ಒಂದು ಇಂಗ್ಲಿಷ್ ಮಗುವಿಗೆ ಈ ಸದ್ದು ಕಲಿಸಬೇಕಾದವಳೇ ಅದನ್ನು ಹೇಳದಿದ್ದರೆ? ಈ ವಿಚಾರದಲ್ಲಿ ಆಶಾ 1998ರಲ್ಲಿ ಒಂದು ನಿಲುವು ಪ್ರಕಟಿಸಿತು. ಹೊರ ಉಚ್ಚಾರದ ಇಂಗ್ಲಿಷ್ ಮಾತಾಡುವವರು ಈ ವೃತ್ತಿಗೆ ಬರಬಾರದು ಎನ್ನುವಂತಿಲ್ಲ. ಪರಿಣತಿ ಇದ್ದು, ಬೇಕಾದ ಸದ್ದನ್ನು ರೋಗಿಗೆ ಮಾಡಿ ತೋರಿಸಬಲ್ಲವರಾದರೆ ಸಾಕು ಎಂಬ ಅರ್ಥದ್ದು. ನೋಡಿದರೆ ನ್ಯಾಯವಾದ ಮಾತು. ದಿನವಿಡೀ ಲಂಡನ್ನಿನವರ ಹಾಗೆ ಮಾತಾಡಬೇಕಿಲ್ಲ, ಕ್ಲಿನಿಕ್ಕಿನೊಳಗೆ ಬೇಕೆಂದಾಗ ‘ವೈನ್’ ಮತ್ತು ‘ವೈನ್’ ಬೇರೆ ಮಾಡಿ ಹೇಳಬೇಕು. (ಇವೆರಡನ್ನು ಕನ್ನಡದಲ್ಲಿ ಬೇರೆಬೇರೆ ಬರೆಯಲಾಗದು, ಕಷ್ಟ ಏನೆಂಬುದು ಇಲ್ಲೇ ಕಾಣುತ್ತಿದೆ.) ಅದಕ್ಕೂ ಮುಂಚೆ 1983ರಲ್ಲೇ ಆಶಾ, ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲ ಎಂದು ಘೋಷಿಸಿತ್ತು. ಕಪ್ಪು ಜನರ ಮಕ್ಕಳನ್ನು ಅವರ ಮನೆಯ ಇಂಗ್ಲಿಷಿಗಾಗಿಯೇ ಥೆರಪಿಗೆ ಕಳಿಸುತ್ತಿದ್ದ ಕಾಲದ ಹಿನ್ನೆಲೆ ಅದಕ್ಕಿದೆ.

ನಮ್ಮ ನಾಲಿಗೆಯಿಂದ ಲಾಭವೂ ಇದೆ. ಬಾಯಿಯ ಸ್ನಾಯುಗಳ ಚುರುಕು ನೋಡಲು ಜಗತ್ತಿನಾದ್ಯಂತ ‘ಪ-ಟ-ಕ, ಪ-ಟ-ಕ’ ಎಂದು ಬೇಗ ಬೇಗ ಹೇಳಿಸುತ್ತಾರೆ. ಇಂಗ್ಲಿಷಿನವರ ಆ ನಡುವಿನ ಸದ್ದು ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ, ಹಲ್ಲಿನ ಹಿಂದಿನ ದಿಬ್ಬದ ಮೇಲೆ ಆಗುತ್ತದೆ. ರೋಗಿಯ ನಾಲಿಗೆ ಸೋತು ಸ್ವಲ್ಪ ಮುಂದಕ್ಕೆ ಜಾರಿ ಹಲ್ಲಿಗೆ ತಾಗಿದರೆ, ಇಂಗ್ಲಿಷ್ ಕಿವಿಗೆ ಅದು ಸುಲಭಕ್ಕೆ ಗೊತ್ತಾಗದು. ಹುಟ್ಟಿದಾಗಿನಿಂದ ‘ಕತ್ತು’ ಮತ್ತು ‘ಕಟ್ಟು’ ಬೇರೆ ಮಾಡಿ ಕೇಳಿದ ಬೇಗೂರಿನವಳಿಗೆ ತಕ್ಷಣ ಗೊತ್ತಾಗುತ್ತದೆ.

ಸಿಡ್ನಿ, ಡಲ್ಲಾಸ್, ಲಂಡನ್ನಿನ ಕನ್ನಡ ಮನೆಗಳಿಗೆ ಇಂಥವಳು ಬೇಕಾಗಿದ್ದಾಳೆ. ಮೂರು ವರ್ಷದ ಮಗು ಮಾತು ತಡ ಮಾಡಿದರೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆ ಇಂದಿಗೂ ಒಮ್ಮೊಮ್ಮೆ ಕೇಳಿಬರುತ್ತದೆ. ವೃತ್ತಿಸಂಘಗಳು ಆ ಸಲಹೆಯನ್ನು ಕೈಬಿಟ್ಟು ಕಾಲವಾಯಿತು. ಎರಡು ಭಾಷೆಯಿಂದ ಮಾತಿನ ದೋಷ ಹುಟ್ಟುವುದಿಲ್ಲ; ದೋಷ ಇದ್ದರೆ ಎರಡರಲ್ಲೂ ಇರುತ್ತದೆ. ‘ಟೂ ಕ್ಯಾಟ್’ ಎನ್ನುವ ಕನ್ನಡದ ಮಗುವಿಗೆ ವ್ಯಾಕರಣದೋಷ ಇದೆಯೋ, ‘ಎರಡು ಬೆಕ್ಕು’ ಎನ್ನುವ ಅಜ್ಜಿಯ ಕನ್ನಡ ಇಂಗ್ಲಿಷಿಗೆ ಇಳಿದಿದೆಯೋ ಎಂದು ಹೇಳಲು ಎರಡನ್ನೂ ಬಲ್ಲವರು ಬೇಕು. ಅಜ್ಜಿಯ ಜೊತೆ ಮಾತು ಬಿಡಿಸಿದರೆ ಮಗುವಿಗೆ ಇದ್ದ ಒಬ್ಬ ಬಿಡುವಿನ ಜೊತೆಗಾತಿಯೂ ಹೋಗುತ್ತಾಳೆ.

ಈ ವೃತ್ತಿಯಲ್ಲಿ ಹೊರಗಿನವರಿಗೆ ಗೊತ್ತೇ ಇರದ ಇನ್ನೊಂದು ಪಾಲಿದೆ: ನುಂಗುವುದು. ಸ್ಟ್ರೋಕ್ ಆದವರಿಗೆ ಮಾತಿನ ಜೊತೆ ಗಂಟಲೂ ಸೋಲುತ್ತದೆ. ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗುತ್ತದೆ. ಯಾರಿಗೆ ಎಷ್ಟು ಗಟ್ಟಿಯದು ಕೊಡಬಹುದೆಂದು ನಿರ್ಧರಿಸುವುದು ಸ್ಪೀಚ್ ಥೆರಪಿಸ್ಟರ ಕೆಲಸ. ಅದಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಮೆಟ್ಟಿಲುಗಳಿವೆ: 0 ಎಂದರೆ ನೀರು, 7 ಎಂದರೆ ಮಾಮೂಲಿ ಊಟ. ಮೆಲ್ಬರ್ನಿನ ಆಸ್ಪತ್ರೆಯಲ್ಲಿ ಕಸ್ಟರ್ಡು, ಅರೆದ ಆಲೂಗಡ್ಡೆ ಇಟ್ಟುಕೊಂಡು ಇದನ್ನು ಕಲಿಯುತ್ತಾರೆ. ಕಲಿತು ಊರಿಗೆ ಬಂದು, ಆರ್‌ಸಿಐ ನೋಂದಣಿಯನ್ನೂ ಮಾಡಿಸಿಕೊಂಡು ಕೂತರೆ ಎದುರಿಗೆ ಬರುವವನು ಮುದ್ದೆ ಕೇಳುವ ರೋಗಿ. ‘ಅನ್ನ ಬ್ಯಾಡ, ವಸಿ ಮುದ್ದೆ ಕೊಡಿ.’

ಮುದ್ದೆಗೆ ಆ ಮೆಟ್ಟಿಲುಗಳಲ್ಲಿ ಜಾಗ ಹುಡುಕುವುದು ಸುಲಭವಲ್ಲ. ನೋಡಲು ಮೆತ್ತಗೆ, ಆದರೆ ಚಮಚ ಓರೆ ಮಾಡಿದರೆ ಜಾರದೆ ಅಂಟಿಕೊಳ್ಳುತ್ತದೆ, ಅಂಟುವುದು ಈ ಪರೀಕ್ಷೆಯಲ್ಲಿ ಕೆಟ್ಟ ಲಕ್ಷಣ. ಅದಕ್ಕಿಂತ ಮುಖ್ಯವಾಗಿ, ಅದನ್ನು ಅಗಿಯುವುದಿಲ್ಲ, ಮುರಿದು ಸಾರಿಗೆ ಅದ್ದಿ ಇಡಿಯಾಗಿ ನುಂಗುತ್ತಾರೆ. ಸಾಹೇಬರ ಪಠ್ಯದಲ್ಲಿ ಅಗಿಯುವ ಹಂತ, ನುಂಗುವ ಹಂತ ಎಂದು ಬಿಡಿಸಿ ಬರೆದದ್ದರಲ್ಲಿ ಒಂದು ಹಂತವೇ ಇಲ್ಲಿ ಮಾಯ. ಸೋತ ಗಂಟಲಿಗೆ ಇದು ಅಪಾಯ ಎಂದು ಹೇಳಬೇಕಾದವಳು, ಮುದ್ದೆ ಬಿಟ್ಟರೆ ಊಟವೇ ಆಗಲಿಲ್ಲ ಎನ್ನುವ ಮನೆಯವರಿಗೂ ಉತ್ತರ ಕೊಡಬೇಕು. ಅಂಬಲಿ ಇದೆ. 10 ಮಿ.ಲೀ. ಸಿರಿಂಜಿಗೆ ಅಂಬಲಿ ತುಂಬಿ, ಕೆಳಗೆ ಹಿಡಿದ ಬೆರಳು ಬಿಟ್ಟು ಹತ್ತು ಸೆಕೆಂಡು ಎಣಿಸಬೇಕು. 4ರಿಂದ 8 ಮಿ.ಲೀ. ಉಳಿದರೆ ಎರಡನೇ ಮೆಟ್ಟಿಲು, ಅದಕ್ಕೂ ಹೆಚ್ಚು ಉಳಿದು ತೊಟ್ಟಿಕ್ಕುತ್ತಿದ್ದರೆ ಮೂರನೆಯದು. ಗಂಟು ಇರಕೂಡದು, ಆರಿದಷ್ಟೂ ರಾಗಿ ಬಿಗಿಯುವುದರಿಂದ ತಿನ್ನಿಸುವ ಹೊತ್ತಿಗೇ ಅಳೆಯಬೇಕು, ಈರುಳ್ಳಿ ಹೆಚ್ಚಿ ಹಾಕಕೂಡದು, ಮಜ್ಜಿಗೆ ಎಷ್ಟು ಬೆರೆಸಬೇಕೆಂದು ಲೋಟದ ಅಳತೆಯಲ್ಲಿ ಸೊಸೆಗೆ ತೋರಿಸಿಕೊಡಬೇಕು.